ಪಾಲಾಗದ ನಂಬರು

ತಿರುಮಲೇಶನ ಟೆಲಿಫೋನ್ ನಂಬರು ಅವಿಭಾಜ್ಯ ಸಂಖ್ಯೆಯಾಗಿದ್ದುದು ಅವನ ತಪ್ಪಲ್ಲ. ಅದನ್ನು ಬಾಯಿಬಿಟ್ಟು ಹೇಳಿದ ತಪ್ಪು ಮಾತ್ರ ಅವನದೇ.

ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಬಂದವನು ಮುಂಬಯಿಯ ಸಾಬೂನು ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಡಬ್ಬ ಎಣಿಸಿದ್ದ. ಹಿಂದಿನ ದಿನ ದಾದರಿನ ಕಾಲೇಜೊಂದರಲ್ಲಿ ಲೆಕ್ಚರರ್ ಕೆಲಸಕ್ಕೆ ಸಂದರ್ಶನವಾಗಿತ್ತು. ಪ್ರಿನ್ಸಿಪಾಲರು ಫೋನ್ ನಂಬರು ಕೇಳಿದ್ದರು.

"ಆರು ಒಂದು ಒಂದು ಒಂಬತ್ತು ಐದು ಮೂರು. ಪ್ರೈಮ್, ಸರ್. ನೂರ ಮೂವತ್ತೇಳು ಸಲ ಭಾಗಿಸಿ ನೋಡಿದ್ದೀನಿ."

ಅವರು ನಕ್ಕು ಪೆನ್ನು ಮುಚ್ಚಿದ್ದರು. "ಹಾಗಾದ್ರೆ ಬರೆದುಕೊಳ್ಳೋದೇ ಬೇಡ. ನಾಳೆ ನಾಲ್ಕಕ್ಕೆ ಫೋನ್ ಮಾಡ್ತೀನಿ. ಸಿಗದಿದ್ರೆ ಕೆಲಸ ಇನ್ನೊಬ್ಬರಿಗೆ."

ಹತ್ತೊಂಬತ್ತು ವರ್ಷಗಳಲ್ಲಿ ಅವನ ಮಾತು ಅರ್ಥವಾದದ್ದು ಅವರೊಬ್ಬರಿಗೇ.

ಇವತ್ತು ರಜೆ ಹಾಕಿ, ದಹಿಸರಿನ ಮನೆಯಲ್ಲಿ ಫೋನಿನ ಮುಂದೆ ಕಾವಲು ಕೂತಿದ್ದ. ಪಕ್ಕದ ಮನೆಯ ಶಾಮಣ್ಣ ಕಾಫಿಗೆ ಬಂದ. ಅವನು ಟೆಲಿಫೋನ್ ಎಕ್ಸ್‌ಚೇಂಜಿನ ನೌಕರ. ತನ್ನ ನಂಬರು ಪ್ರೈಮ್ ಎಂದು ತಿರುಮಲೇಶ ಅವನಿಗೂ ಹೇಳಿದ.

"ಪ್ರೈಮ್ ಅಂದ್ರೇನ್ ಸಾರ್?"

"ಯಾರ ಕೈಲೂ ಭಾಗ ಮಾಡೋಕಾಗಲ್ಲ. ಒಂದು, ಇಲ್ಲಾ ತಾನು. ಅಷ್ಟೇ."

ಹೆಂಡತಿ ರಮಾಮಣಿಯ ಕೈಯಲ್ಲಿದ್ದ ಲೋಟ ನಿಂತಿತು. "ಅಂದ್ರೆ ಒಂಟಿ ಪಿಶಾಚಿ! ಅದಕ್ಕೇ ನಮಗೆ ಮಕ್ಕಳಾಗ್ಲಿಲ್ಲ."

"ಮದುವೆಯಾಗಿ ಹದಿನೈದು ವರ್ಷ ಕಣೇ. ಫೋನ್ ಬಂದಿದ್ದು ಹೋದ ತಿಂಗಳು."

"ದೋಷ ಹಿಂದಕ್ಕೂ ಹೋಗುತ್ತೆ ಸಾರ್," ಎಂದ ಶಾಮಣ್ಣ, ಟ್ರಂಕ್ ಕಾಲ್ ದರ ಹೇಳುವವನ ಧಾಟಿಯಲ್ಲಿ. ಕುರ್ಲಾದಲ್ಲಿರುವ ಒಂದು ಕೋಣೆಯ ಖೋಲಿಯಲ್ಲಿ ಪಾಲು ಕೇಳುವ ತಮ್ಮಂದಿರನ್ನು ದಿನವೂ ಅರ್ಧ ಗಂಟೆ ಬೈಯುವವನು ಅಂದು ಕಾಫಿಯನ್ನೂ ಮುಗಿಸದೆ ಎದ್ದ.

ಮೂರು ಗಂಟೆಗೆ ಫೋನಿನ ಡಯಲ್ ಟೋನು ಭಾನುವಾರದ ಆಫೀಸಿನಂತೆ ಸದ್ದಡಗಿತು.

"ನಂಬರ್ ಬದಲಾಯ್ಸಿ ಅಂತ ನಾನೇ ಶಾಮಣ್ಣಂಗೆ ಹೇಳಿದ್ದು," ಎಂದಳು ರಮಾಮಣಿ. "ಸಂಜೆಯಿಂದ ಹೊಸ ನಂಬರ್. ಆರು ಒಂದು ಒಂದು ಒಂಬತ್ತು ಐದು ಐದು."

ತಿರುಮಲೇಶನ ತಲೆ ತಾನಾಗಿ ಭಾಗಿಸಿತು. ಮೂರು, ಐದು, ಒಂಬತ್ತು, ಹದಿನೈದು... ಕೈಚಾಚಿದವರಿಗೆಲ್ಲ ಪಾಲು ಕೊಡುವ ಧರ್ಮಛತ್ರ!

ಕೆಳಗಿನ ಹೋಟೆಲಿಗೆ ಓಡಿದ. ಮಾಲೀಕ ಸೀನ ಶೆಟ್ಟಿ ಫೋನಿನ ಡಯಲಿಗೆ ಬೀಗ ಜಡಿದು ಊಟಕ್ಕೆ ಹೋಗಿದ್ದ. ಲೋಕಲ್ ರೈಲು ಹಿಡಿದು, ಚಪ್ಪಲಿಯೊಂದನ್ನು ಗಾಡಿಗೇ ಒಪ್ಪಿಸಿ, ಕಾಲೇಜು ತಲುಪಿದಾಗ ನಾಲ್ಕೂವರೆ.

"ಎರಡು ಸಲ ಮಾಡಿದೆ," ಎಂದರು ಪ್ರಿನ್ಸಿಪಾಲರು. "ತಿರುಮಲೇಶ ಅನ್ನೋರು ಇಲ್ಲಿಲ್ಲ ಅಂದ್ರು. ಕೆಲಸ ಇನ್ನೊಬ್ಬರಿಗೆ ಹೋಯ್ತು."

"ನಂಬರ್ ಬದಲಾಯ್ತು ಸರ್. ಈಗ ಆರು ಒಂದು ಒಂದು ಒಂಬತ್ತು ಐದು ಐದು..."

"ಐದರಿಂದ ಹೋಗುತ್ತಲ್ರೀ," ಎಂದರು ಅವರು, ಸಾವಿನ ಸುದ್ದಿ ಕೇಳಿದವರಂತೆ.

ಸಂಜೆ ಒಂದೇ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿದ. ಶಾಮಣ್ಣನ ಬಾಗಿಲು ತೆರೆದಿತ್ತು. ಒಳಗೆ ಹೊಸ ಕರಿ ಫೋನು, ಅದಕ್ಕೆ ಕುಂಕುಮ, ಮಲ್ಲಿಗೆ. ಡಯಲಿನ ನಡುವೆ ಚೀಟಿ: 611953.

"ಬನ್ನಿ ಸಾರ್, ಪೇಡಾ ತಗೊಳ್ಳಿ! ನನಗೂ ಇವತ್ತೇ ಲೈನ್ ಬಂತು. ಯಾರ ಕೈಲೂ ಭಾಗ ಮಾಡೋಕಾಗಲ್ಲ ಅಂದ್ರಲ್ಲ, ಕೇಳಿ ಹಾಕಿಸ್ಕೊಂಡೆ. ಇನ್ನು ತಮ್ಮಂದಿರು ಬರ್ಲಿ ನೋಡೋಣ!"

"ನಾಲ್ಕಕ್ಕೆ... ನನಗೆ ಫೋನ್ ಬಂತಾ?"

"ಬಂತು. ಎರಡು ಸಲ."

"ಮತ್ತೆ?"

"ಏನ್ ಸಾರ್, ಓದಿದೋರು ನೀವು. ಮೊದಲನೇ ಫೋನ್ ಕಾಲನ್ನೇ ಪಕ್ಕದ ಮನೆಗೆ ಕೊಟ್ರೆ, ಪಾಲು ಕೊಟ್ಟ ಹಾಗಾಗಲ್ವಾ?"

ತಿರುಮಲೇಶ ಪೇಡಾವನ್ನು ಪಾಲು ಮಾಡದೆ ಇಡಿಯಾಗಿ ಬಾಯಿಗೆ ಹಾಕಿಕೊಂಡ.