ಕರಾಟೆ ಪಿಕ್ಚರಿಗೆ ಅರ್ಥ ಹೇಳಿದ್ದು

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಶಾಲು ಹಾರ ಹಾಕಿಸಿಕೊಂಡು ನಿವೃತ್ತನಾದವನು ನಾನು. ಇನ್ನು ಯಾರೂ ನನ್ನ ಕೆಲಸ ಕಿತ್ತುಕೊಳ್ಳಲಾರರು ಎಂಬ ಧೈರ್ಯದ ಮೇಲೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷ್ ಮಾತಾಡುವವರನ್ನು ಕಂಡರೆ ನನಗೆ ಭಯ. ಇಂಗ್ಲಿಷಿನ ಬಗ್ಗೆ ಭಯವಿಲ್ಲ. ಅದು ಪುಸ್ತಕದಲ್ಲಿ ಸುಮ್ಮನೆ ಮಲಗಿರುವ ತನಕ ನನಗೂ ಅದಕ್ಕೂ ಯಾವ ತಂಟೆಯೂ ಇಲ್ಲ. ಅದು ಒಬ್ಬರ ಬಾಯಿಂದ ಎದ್ದು ನನ್ನ ಕಡೆ ಬಂದಾಗ ಮಾತ್ರ ಕೈಕಾಲು ತಣ್ಣಗಾಗುತ್ತವೆ. ನಮ್ಮೂರು ಗೋವಿನಕೋವಿಯಲ್ಲಿ ನಮ್ಮಪ್ಪ ಗದ್ದೆಯ ಬದುವಿನಲ್ಲಿ ನಾಗರಹಾವು ಕಂಡರೆ "ಸರಕಳಪ್ಪಾ ಅತ್ಲಾಗೆ" ಎಂದು ದಾರಿ ಬಿಡಿಸಿಕೊಂಡು ಹೋಗುತ್ತಿದ್ದವರು. ಅಂಥವರನ್ನೇ ಇಂಜೆಕ್ಷನ್ ಅಂದರೆ ಮಂಚದ ಕೆಳಗೆ ಹುಡುಕಬೇಕಾಗುತ್ತಿತ್ತು. ಭಯಕ್ಕೆ ನ್ಯಾಯ ಎಂಬುದಿಲ್ಲ. ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಅದನ್ನು ಪೂರ್ತಿ ಕನ್ನಡದಲ್ಲೇ ಕಲಿಸಿದರು, ನಾನೂ ನನ್ನ ಮಕ್ಕಳಿಗೆ ಹಾಗೆಯೇ ಕಲಿಸಿದೆ. ಆ ಭಾಷೆಯನ್ನು ಹುಟ್ಟಿನಿಂದ ಆಡುವವರ ದನಿ ನನ್ನ ಕಿವಿಗೆ ಬಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಒದೆತದ ಸದ್ದಿನ ನಡುವೆ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಜಗಳೂರಿನ ಒಂದು ಹೈಸ್ಕೂಲಿಗೆ ಬಂದು ಎರಡು ವರ್ಷ ತುಂಬುವುದರಲ್ಲಿತ್ತು. ಹೆಡ್ಮಾಸ್ಟರು ಒಳ್ಳೆಯ ವರದಿ ಬರೆದರೆ ಕೆಲಸ ಕಾಯಂ, ಇಲ್ಲದಿದ್ದರೆ ನಾನು, ಹೆಂಡತಿ ಗಿರಿಜೆ, ನಮ್ಮ ತಗಡಿನ ಟ್ರಂಕು ಮೂವರೂ ಗೋವಿನಕೋವಿಗೆ ವಾಪಸ್ಸು. ಇಂಥ ಹೊತ್ತಿನಲ್ಲಿ ಮನುಷ್ಯ ಬಾಯಿ ಮುಚ್ಚಿಕೊಂಡು ಇರಬೇಕು. ನಾನು ಮೈಕು ಹಿಡಿದೆ.

ಊರಿನ ಟಾಕೀಸು ನಡೆಸುತ್ತಿದ್ದ ಶಿವಲಿಂಗಪ್ಪನವರು ನಲ್ಲೂರಿನ ಅಡಿಕೆ ವ್ಯಾಪಾರದ ಮನೆತನದವರು. ಅಡಿಕೆಯಲ್ಲಿ ಒಳ್ಳೆಯದು ಕೆಟ್ಟದ್ದು ಆರಿಸುವ ಕಣ್ಣು ಅವರಿಗಿತ್ತು, ಪಿಕ್ಚರಿನಲ್ಲಿ ಇರಲಿಲ್ಲ. ಚನ್ನಗಿರಿಯಲ್ಲಿ ಓಡಿ, ಹೊನ್ನಾಳಿಯಲ್ಲಿ ಓಡಿ, ನ್ಯಾಮತಿಯಲ್ಲಿ ತುಂಡಾಗಿ ಅಂಟಿಸಿಕೊಂಡು ಪಿಕ್ಚರು ನಮ್ಮಲ್ಲಿಗೆ ಬರುವ ಹೊತ್ತಿಗೆ ರೀಲು ಗೀರುಬಿದ್ದು ಪರದೆಯ ತುಂಬ ಮಳೆ ಸುರಿಯುತ್ತಿತ್ತು. ಜಗಳೂರಿನವರು ಆ ಕಾಲದಲ್ಲಿ ಕಣ್ಣು ತುಂಬ ಮಳೆ ಕಂಡದ್ದು ಅಲ್ಲಿಯೇ. ಆ ವರ್ಷ ಅವರು ತಂದದ್ದೆಲ್ಲ ಕರಾಟೆ ಪಿಕ್ಚರು. ಚೀನಾದ ಕಡೆಯ ಜನ ಬರಿಗೈಯಲ್ಲಿ ಗಾಳಿಗೆ ನೆಗೆದು ಒಬ್ಬರನ್ನೊಬ್ಬರು ಒದೆಯುವುದು, ಬಾಯಿ ಮುಚ್ಚಿದ ಮೇಲೂ ಇಂಗ್ಲಿಷ್ ಮಾತು ಮುಂದುವರಿಯುವುದು. ಪೋಸ್ಟರು ನೋಡಿ ಮೊದಲ ಆಟಕ್ಕೆ ಟಾಕೀಸು ತುಂಬಿತು, ಎರಡನೆಯ ಆಟಕ್ಕೆ ಶಿವಲಿಂಗಪ್ಪನವರು ಮತ್ತು ಬೀದಿನಾಯಿ. ಜನ ಬೇಸರದಿಂದ ಹೇಳಿದ್ದು ಇಷ್ಟೆ: "ಹೊಡೆದಾಟ ಭಾಳ ಚೆನ್ನಾಗೈತೆ ಸಾವ್ಕಾರ್ರೇ. ಆದ್ರೆ ಯಾಕೆ ಹೊಡೀತಾನೆ ಅಂತ ತಿಳೀವಲ್ದು. ಕಾರಣ ಇಲ್ದೆ ಹೊಡೆಯೋದು ನೋಡಾಕೆ ನಮ್ಮ ಬಸ್‌ಸ್ಟ್ಯಾಂಡ್ ಸಾಲ್ದೇನ್ರೀ?"

ಮರುದಿನ ಬೆಳಿಗ್ಗೆ ಶಿವಲಿಂಗಪ್ಪನವರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. "ಮೇಷ್ಟ್ರೇ, ನೀವು ಇಂಗ್ಲಿಷ್ನೋರು. ಮೈಕ್ ಕೊಡ್ತೀನಿ, ಮುಂದೆ ಸ್ಟೂಲ್ ಹಾಕಿಸ್ತೀನಿ. ಅವ್ರು ಏನಂತಾರೆ ಅಂತ ಕನ್ನಡದಾಗೆ ಹೇಳ್ಕೊಂತ ಹೋಗ್ರಿ. ನೀವು ಮಾತಾಡುವಾಗ ಪಿಕ್ಚರ್ ದನಿ ತಗ್ಗಿಸಾಕೆ ಆಪರೇಟರಿಗೆ ಹೇಳ್ತೀನಿ." ಆಗುವುದಿಲ್ಲ ಎಂದರೆ ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷ್ ತಿಳಿಯುವುದಿಲ್ಲ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಗುತ್ತದೆ ಎಂದರೆ ಭಾನುವಾರದ ಮ್ಯಾಟಿನಿಯಲ್ಲಿ ಗೊತ್ತಾಗುತ್ತದೆ. ಹೆದರುಪುಕ್ಕಲರು ಯಾವಾಗಲೂ ಆರಿಸಿಕೊಳ್ಳುವುದು ತಡವಾಗಿ ಬರುವ ಕಷ್ಟವನ್ನೇ. ಬಾಳೆಹಣ್ಣು ಒಳಗಿಟ್ಟೆ.

ಮೊದಲ ಭಾನುವಾರ ಮೈಕು ಹಿಡಿದಾಗ ನನ್ನ ಉಂಗುರ ಅದಕ್ಕೆ ಬಡಿಬಡಿದು ಗಂಟೆ ಬಾರಿಸಿದಂತೆ ಕೇಳುತ್ತಿತ್ತು. ಪರದೆಯ ಮೇಲೆ ಒಬ್ಬ ಮುದುಕ ಇನ್ನೊಬ್ಬನಿಗೆ ಏನೋ ಕಿರುಚಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಮುಂದಿನ ಸಾಲಿನವರು ಕಾಯುತ್ತಿದ್ದರು, ಏನಾದರಾಗಲಿ ಎಂದು "ನಮ್ಮ ಹೊಲದ ಬದು ಒತ್ತಿದೋನು ನೀನೇ ಅಲ್ವಾ ಅಂತ ಕೇಳ್ತಾನೆ" ಎಂದುಬಿಟ್ಟೆ. ಟಾಕೀಸಿನ ತುಂಬ ಒಂದು ನಿಟ್ಟುಸಿರು. "ಚೀನಾದಾಗೂ ಬದುವಿನ ಜಗಳ ಐತಂತೆ ನೋಡಲೇ," ಎಂದು ಯಾರೋ ಪಕ್ಕದವನಿಗೆ ಹೇಳಿದ. ಆಮೇಲಿನ ಒಂದೊಂದು ಒದೆತಕ್ಕೂ ಅರ್ಥ ಬಂತು. ಮುಂದಿನ ವಾರಗಳಲ್ಲಿ ಗುರುವಿನ ಸೇಡು, ತಂಗಿಯ ಮದುವೆ, ಊರ ಬಾವಿಯ ನೀರು, ಹೀಗೆ ನನಗೆ ತೋಚಿದ ಕಾರಣಗಳಿಗೆಲ್ಲ ಚೀನಾದವರು ಹೊಡೆದಾಡಿದರು. ಜನ ನನ್ನನ್ನು ಕಂಡರೆ ಕೈಮುಗಿಯತೊಡಗಿದರು. "ತಿಳೀದೆ ಇರೋದನ್ನ ತಿಳಿದಂಗೆ ಹೇಳ್ತೀರಲ್ಲ, ಸುಳ್ಳಲ್ವಾ ಅದು?" ಎಂದಳು ಗಿರಿಜೆ, ಶಿವಲಿಂಗಪ್ಪನವರು ವಾರವಾರ ಕೊಡುತ್ತಿದ್ದ ಬಾಳೆಹಣ್ಣಿನಲ್ಲಿ ಎರಡನೆಯದನ್ನು ಸುಲಿಯುತ್ತ. ಶನಿವಾರ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ನಮ್ಮ ಶಾಲೆಯ ಮಕ್ಕಳು ಕರಾಟೆ ಅಭ್ಯಾಸ ಮಾಡಲು ಹೋಗಿ ಕಾಂಪೌಂಡಿನ ಪಕ್ಕ ಜೋಡಿಸಿಟ್ಟಿದ್ದ ಹೆಂಚುಗಳನ್ನು ಅಂಗೈಯಿಂದ ಒಡೆದರು. ಹೆಡ್ಮಾಸ್ಟರು ಕರೆಸಿದರು. ಅವರು ಗಣಿತದವರು, ಯಾವುದನ್ನೂ ಸಾಧಿಸಿ ತೋರಿಸದೆ ನಂಬದವರು. ಬೈಗುಳ ನಿರೀಕ್ಷಿಸಿ ಹೋದ ನನಗೆ ಅವರ ಮೆತ್ತನೆಯ ಮಾತೇ ಹೆಚ್ಚು ಭಯ ಹುಟ್ಟಿಸಿತು. "ನಿಮ್ಮ ವರದಿ ಬರೀಬೇಕು. ಭಾಷಾ ಜ್ಞಾನ ಅನ್ನೋ ಕಾಲಂ ಖಾಲಿ ಐತೆ. ಆಡೋ ಇಂಗ್ಲಿಷ್ ನಂಗೆ ತಿಳಿಯಂಗಿಲ್ಲ. ಬಿಳಿಚೋಡಿನ ಹವಾಲ್ದಾರ್ ದುರುಗಪ್ಪನವರಿಗೆ ತಿಳೀತೈತೆ. ಯುದ್ಧದ ಕಾಲದಾಗೆ ಅಸ್ಸಾಮಿನ ಕಾಡಾಗೆ ಅಮೆರಿಕದ ಕಪ್ಪು ಸಿಪಾಯಿಗಳ ಜೋಡಿ ಎರಡು ವರ್ಷ ರಸ್ತೆ ಕಡಿದೋರು ಅವರು. ಈ ಭಾನುವಾರದ ಪಿಕ್ಚರ್ನಾಗೆ ಹೀರೋ ಅಂಥೋನೇ ಅಂತಲ್ಲ. ಇಬ್ರೂ ಬರ್ತೀವಿ. ನೀವು ಹೇಳ್ತಾ ಹೋಗ್ರಿ, ಅವರು ಕೇಳ್ತಾರೆ."

ಆ ವಾರವೆಲ್ಲ ಜ್ವರ ಬಂದರೆ ಸಾಕೆಂದು ತಣ್ಣೀರು ಸ್ನಾನ ಮಾಡಿದೆ, ನೆಗಡಿಯೂ ಬರಲಿಲ್ಲ. ಭಾನುವಾರ ಟಾಕೀಸಿನ ಮುಂದೆ ಪೋಸ್ಟರಿನಲ್ಲಿ ಹೀರೋ ನಿಂತಿದ್ದ. ಎಣ್ಣೆಗಪ್ಪು ಮುಖ, ಅದರ ಸುತ್ತ ಕುಕ್ಕೆಯಷ್ಟು ದೊಡ್ಡ ದುಂಡು ಕೂದಲು, ಮೊಣಕಾಲಿನವರೆಗೆ ಚರ್ಮದ ಕೋಟು, ಒಂದು ಕೈಯಲ್ಲಿ ಪಿಸ್ತೂಲು, ಒಂದು ಕಾಲು ಗಾಳಿಯಲ್ಲಿ. ಜನ ಅವನನ್ನು ಕಣ್ಣು ಕೀಳದೆ ನೋಡುತ್ತಿದ್ದರು. "ಇಷ್ಟು ವರ್ಷ ಹೀರೋ ಅಂದ್ರೆ ಸುಣ್ಣ ಬಳದಂಗೆ ಇರೋರು. ಈತ ನಮ್ಮ ಮನೆಯೋನು ಇದ್ದಂಗೆ ಅದಾನೆ," ಎಂದು ಕುರಿ ಕಾಯುವವನೊಬ್ಬ ಹೆಮ್ಮೆಯಿಂದ ಹೇಳಿದ. ಬೇರೆ ದಿನವಾಗಿದ್ದರೆ ನನಗೂ ಹೆಮ್ಮೆಯಾಗುತ್ತಿತ್ತು. ಅಂದು ನಾನು ನೋಡಿದ್ದು ಒಳಗೆ ಹೆಡ್ಮಾಸ್ಟರ ಪಕ್ಕ ನೆಟ್ಟಗೆ ಕೂತಿದ್ದ, ಬಿಳಿ ಮೀಸೆಯ, ಖಾಕಿ ಅಂಗಿಯ ಮುದುಕರೊಬ್ಬರನ್ನು ಮಾತ್ರ.

ಪಿಕ್ಚರು ಶುರುವಾಯಿತು. ಚೀನಾದವರ ಇಂಗ್ಲಿಷಿನಲ್ಲಿ ನಡುನಡುವೆ ಒಂದು "ಯೆಸ್" ಇಲ್ಲವೇ "ನೋ" ಸಿಗುತ್ತಿತ್ತು, ಇದರಲ್ಲಿ ಅದೂ ಇಲ್ಲ. ಮಾತಿಗೆ ಮಾತು ಅಂಟಿಕೊಂಡು, ಅರ್ಧ ಹಾಡಿನಂತೆ, ಅರ್ಧ ಜಗಳದಂತೆ ಹರಿದುಹೋಗುತ್ತಿತ್ತು. ಹೀರೋ ಫೋನು ಎತ್ತಿ ಎರಡು ನಿಮಿಷ ಮಾತಾಡಿದ. "ತಾಯಿ ತೀರಿಹೋದ ಸುದ್ದಿ ಬಂದಿದೆ" ಎಂದೆ. ಹೆಂಗಸರ ಕಡೆ ಲೊಚಗುಟ್ಟಿದರು. ಹವಾಲ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್ಮಾಸ್ಟರು ಒಮ್ಮೆ ಅವರ ಮುಖವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಒಂದು ಹೆಣ್ಣು ಬಾಗಿಲು ತೆರೆದು ಹೀರೋನನ್ನು ಒಳಗೆ ಕರೆದಳು. ಅನಾಹುತ ಬೇಡವೆಂದು "ಅವನ ತಂಗಿ" ಎಂದೆ. ಒಂದೇ ನಿಮಿಷದಲ್ಲಿ ಆ ಇಬ್ಬರೂ ಅಪ್ಪಿಕೊಂಡು, ಅಣ್ಣ ತಂಗಿ ಎಲ್ಲಿಯೂ ಮಾಡದ ರೀತಿ ಮುತ್ತಿಟ್ಟುಕೊಂಡರು. ಜನ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ನನ್ನ ಕೆಲಸ, ಟ್ರಂಕು, ಗೋವಿನಕೋವಿ ಬಸ್ಸು ಎಲ್ಲ ಕಣ್ಣ ಮುಂದೆ ಬಂದವು. "ಕೇಳಿಸಿಕೊಳ್ಳುವಾಗ ಸ್ವಲ್ಪ ಹೆಚ್ಚುಕಮ್ಮಿ ಆಯಿತು," ಎಂದು ಮೈಕಿನಲ್ಲಿ ಕೀರಲು ದನಿ ತೆಗೆದೆ. "ತಂಗಿಯಲ್ಲ, ಸೋದರತ್ತೆ ಮಗಳು." "ಹಂಗನ್ರಿ ಮತ್ತೆ," ಎಂದು ಇಡೀ ಟಾಕೀಸು ಉಸಿರು ಬಿಟ್ಟಿತು.

ಆಮೇಲೆ ನಾನು ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ಮಾತು ನಿಲ್ಲಿಸಿದರೆ ಆಪರೇಟರು ದನಿ ಏರಿಸುತ್ತಾನೆ, ದನಿ ಏರಿದರೆ ಹವಾಲ್ದಾರರಿಗೆ ನಿಜ ಕೇಳುತ್ತದೆ. ಹಾಗಾಗಿ ಪರದೆಯ ಮೇಲೆ ಯಾರೂ ಮಾತಾಡದಿದ್ದಾಗಲೂ ನಾನು ಮಾತಾಡಿದೆ. ಕಾರು ಓಡುವಾಗ ಕಾರಿನ ಬಗ್ಗೆ ಹೇಳಿದೆ, ಬೀದಿ ಖಾಲಿ ಇದ್ದಾಗ ಬೀದಿಯ ಬಗ್ಗೆ ಹೇಳಿದೆ. ಮಧ್ಯೆ ಒಂದು ಕಡೆ ಹೀರೋನೂ ಅವನ ಗೆಳೆಯನೂ ಮೆಟ್ಟಿಲ ಮೇಲೆ ಕೂತು ಏನೋ ತಿನ್ನುತ್ತ ಹರಟುತ್ತಿದ್ದರು. ಜನರನ್ನು ನಗಿಸೋಣವೆಂದು ಹೋಟೆಲು ಇಡ್ಲಿಯ ತಮಾಷೆಯೊಂದನ್ನು ಅವರ ಬಾಯಿಗೆ ತುರುಕಿದೆ. ಎಲ್ಲರೂ ನಕ್ಕರು. ಹವಾಲ್ದಾರರು ಮಾತ್ರ ತಲೆ ಮುಂದಕ್ಕೆ ಚಾಚಿ, ಕಿವಿಯ ಹಿಂದೆ ಕೈ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. ನನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆ ಎಂದುಕೊಂಡು ನಾನು ಇನ್ನೂ ಜೋರಾಗಿ ಹೇಳಿದೆ.

ಆಟ ಮುಗಿದು ದೀಪ ಹತ್ತಿದಾಗ ನಾನು ಸ್ಟೂಲಿನಿಂದ ಇಳಿಯಲಿಲ್ಲ. ಹವಾಲ್ದಾರರೇ ಎದ್ದು ಬಂದರು. ಹಿಂದೆ ಹೆಡ್ಮಾಸ್ಟರು, ಅವರ ಹಿಂದೆ ಅರ್ಧ ಜಗಳೂರು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, ನಗುತ್ತ, ಆ ಹೀರೋ ಆಡಿದಂಥದೇ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಮಾತು ಹೇಳಿ ನಿಲ್ಲಿಸಿದರು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಮುಖ ನೋಡಿದರೆ ನಗು, ಹೆಗಲ ಮೇಲೆ ಕೈ, ಹೊಗಳುತ್ತಿದ್ದಾರೆ ಎಂದುಕೊಂಡೆ. ಹೊಗಳಿದಾಗ ಸಭ್ಯರು ಮಾಡುವಂತೆ ತಲೆ ತಗ್ಗಿಸಿ, "ನೋ ನೋ ಸರ್, ನಥಿಂಗ್ ಸರ್, ನಥಿಂಗ್," ಎಂದೆ.

"ಹೆಂಗೆ ನಮ್ಮ ಮೇಷ್ಟ್ರು?" ಎಂದು ಹೆಡ್ಮಾಸ್ಟರು ಕೇಳಿದರು. ಹವಾಲ್ದಾರರು ಹೆಗಲ ಮೇಲಿನ ಕೈ ತೆಗೆಯದೆ, "ಇಂಗ್ಲಿಷ್ನಾಗೆ ಒಂದು ಪ್ರಶ್ನೆ ಕೇಳಿದೆ. ಒಂದಿಷ್ಟೂ ತಪ್ಪಿಲ್ದಂಗೆ ಉತ್ತರ ಕೊಟ್ರು," ಎಂದರು. ಹೆಡ್ಮಾಸ್ಟರು ಜೇಬಿನಿಂದ ಪೆನ್ನು ತೆಗೆದು ಮತ್ತೆ ಒಳಗಿಟ್ಟುಕೊಂಡರು. ಅವರ ಮನಸ್ಸಿನಲ್ಲಿ ಕಾಲಂ ತುಂಬಿತೆಂದು ನನಗೆ ತಿಳಿಯಿತು. ಆಗ ಸ್ಟೂಲಿನಿಂದ ಇಳಿದೆ.

ಹವಾಲ್ದಾರರನ್ನು ಬಿಳಿಚೋಡಿನ ಬಸ್ಸಿಗೆ ಬಿಡಲು ನಾನೊಬ್ಬನೇ ಹೋದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ತಡೆಯಲಾರದೆ ಕೇಳಿದೆ, "ಅಲ್ಲಿ ನೀವು ನನ್ನ ಏನಂತ ಕೇಳಿದ್ರಿ?"

"ಮೇಷ್ಟ್ರೇ, ಇಷ್ಟೊತ್ತು ಅವರು ಆಡಿದ್ರಾಗೆ ನಿಮಗೆ ಏನಾದ್ರೂ ತಿಳೀತಾ ಅಂತ ಕೇಳಿದೆ," ಎಂದರು ಅವರು. "ಎಲ್ರ ಮುಂದೆ ಕನ್ನಡದಾಗೆ ಕೇಳಾಕೆ ಆಗ್ತೈತಾ? ನೀವು ನಿಜ ಹೇಳಿದ್ರಿ. ನಿಜ ಹೇಳ್ದೋರ ಅನ್ನ ನಾನು ಕಳೆಯೋನಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬದುಕಿದೆನಲ್ಲ ಎಂಬ ಸಂತೋಷವೂ ಒಳಗೆ ಇತ್ತು, ಅದು ಇರಲಿಲ್ಲವೆಂದು ಸುಳ್ಳು ಹೇಳಲಾರೆ. ತಾಯಿ ಸತ್ತ ಕಡೆ ಯಾಕೆ ನಕ್ಕಿರಿ ಎಂದೆ. "ಅವನು ಫೋನಿನಾಗೆ ಸಾಲ ಕೊಟ್ಟೋನಿಗೆ ಬೈತಿದ್ದ. ಅದೇ ಬೈಗುಳ ನಮ್ಮ ಕ್ಯಾಂಪಿನಾಗೆ ದಿನಾ ಬೆಳಿಗ್ಗೆ ಕೇಳ್ತಿದ್ದೆ," ಎಂದು ಮತ್ತೊಮ್ಮೆ ನಕ್ಕರು. ಬಸ್ಸಿನ ದೂಳು ದೂರದಲ್ಲಿ ಕಾಣಿಸಿತು.

"ಆ ಸಿಪಾಯಿಗಳ ಜೋಡಿ ಒಂದೇ ತಟ್ಟೆಯಾಗೆ ಉಂಡೋನು ನಾನು. ನೀನು ಯಾವ ಜಾತಿ ಅಂತ ಅವರು ಕೇಳಲಿಲ್ಲ. ಊರಾಗೆ ಆ ಕಾಲದಾಗೆ ನಂಗೆ ಯಾರೂ ತಟ್ಟೆ ಇಟ್ಟೋರಿಲ್ಲ. ಮೂವತ್ತು ಚಿಲ್ಲರೆ ವರ್ಷ ಆತು, ಆ ದನಿ ಕಿವಿಗೆ ಬಿದ್ದಿಲ್ಲ. ನಿಮ್ಮ ಪರೀಕ್ಷೆ ಮಾಡಾಕೆ ಅಂತ ಕರೆದ್ರು, ನಾನು ಬಂದಿದ್ದು ಅದಕ್ಕಲ್ಲ. ಆ ಇಬ್ರು ಮೆಟ್ಟಿಲ ಮೇಲೆ ಕುಂತು ಉಣ್ತಾ ಮಾತಾಡ್ತಿದ್ರಲ್ಲ, ಅಲ್ಲಾದ್ರೂ ನೀವು ಒಂದೀಟು ಸುಮ್ನಿರ್ತೀರೇನೋ ಅಂದ್ಕಂಡೆ."

"ನಾಳೆ ಬರ್ರಿ," ಎಂದೆ ಆತುರದಿಂದ. "ನಾಳೆ ನಾನು ಟಾಕೀಸಿನ ಹತ್ರನೂ ಬರಲ್ಲ. ಪೂರ್ತಿ ದನಿ ಬಿಡಿಸ್ತೀನಿ."

"ಇವತ್ತಿನ ಮ್ಯಾಟಿನಿನೇ ಕಡೇ ಆಟ ಅಂತ ಬೋರ್ಡ್ನಾಗೆ ಬರೆದೈತಲ್ರೀ," ಎಂದರು ಹವಾಲ್ದಾರರು. ಬಸ್ಸು ಬಂತು. ನೆಟ್ಟಗೆ ಹತ್ತಿ ಹೋದರು. ಅವರು ಹೋದ ಮೇಲೂ ನಾನು ಬೆಂಚಿನ ಮೇಲೆ ಕೂತಿದ್ದೆ. ಎರಡೂವರೆ ಗಂಟೆ ನಾನು ಹೆದರಿದ್ದು ನನಗೆ ಏನಾದೀತೋ ಎಂದು. ನಾನು ಬೇರೆಯವರಿಗೆ ಏನು ಮಾಡುತ್ತಿದ್ದೇನೆ ಎಂಬ ಭಯ ಒಮ್ಮೆಯೂ ಬಂದಿರಲಿಲ್ಲ.

ಹದಿನೈದು ದಿನಕ್ಕೆ ಕೆಲಸ ಕಾಯಂ ಆಯಿತು. ಹೆಡ್ಮಾಸ್ಟರು ವರದಿಯ ಪ್ರತಿಯನ್ನು ತೋರಿಸಿದರು. ಭಾಷಾ ಜ್ಞಾನದ ಕಾಲಮಿನಲ್ಲಿ ಇಂಗ್ಲಿಷಿನಲ್ಲೇ ಎರಡು ಸಾಲು ಬರೆದಿದ್ದರು: ಇವರು ಇಂಗ್ಲಿಷನ್ನು ಕೇಳಿ ಸರಿಯಾಗಿ ಅರ್ಥಮಾಡಿಕೊಳ್ಳುತ್ತಾರೆ, ಇದಕ್ಕೆ ಸಾಕ್ಷಿಯುಂಟು. ನಾನು ಅದನ್ನು ಒಂದು ಸಲ ಓದಿದೆ. ಒಂದೇ ಸಲಕ್ಕೆ ಪೂರ್ತಿ ತಿಳಿಯಿತು. ಓದುವುದು ಮಾತ್ರ ನನಗೆ ಯಾವಾಗಲೂ ಚೆನ್ನಾಗಿ ಬರುತ್ತಿತ್ತು.