ಆಸೆ ಬಿಟ್ಟ ಗಿಣಿ

ಚಕ್ರಪಾಣಿಯ ಮದುವೆ ಒಂದು ಗಿಣಿಯ ಕೊಕ್ಕಿಗೆ ಸಿಕ್ಕಿಕೊಂಡಿತ್ತು.

ರಾಜಾಜಿನಗರದ ಆ ವಠಾರದಲ್ಲಿ ಪಕ್ಕದ ಮನೆಯ ಪಂಕಜಾಳ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳ ತಾಯಿ ಅನಂತಲಕ್ಷ್ಮಮ್ಮನವರೋ ಗಿಣಿಶಾಸ್ತ್ರ ಕೇಳದೆ ಹುಳಿಗೆ ಉಪ್ಪನ್ನೂ ಹಾಕುವವರಲ್ಲ. ಈ ಸಂಬಂಧವನ್ನೂ ಗಿಣಿಯೇ ತೀರ್ಮಾನಿಸಲಿ ಎಂದುಬಿಟ್ಟರು. ಚಕ್ರಪಾಣಿ ಗುಟ್ಟಾಗಿ ಗಿಣಿಶಾಸ್ತ್ರದ ಮರಿಯಪ್ಪನನ್ನು ಹಿಡಿದ. ಸೀತಾಕಲ್ಯಾಣದ ಚೀಟಿ ಎತ್ತಿದರೆ ಒಂದು ಕಡಲೆಬೀಜ ಎಂದು ವಾರವಿಡೀ ಗಿಣಿಗೆ ಪಾಠವಾಯಿತು.

ಭಾನುವಾರ ಬೆಳಿಗ್ಗೆ ವಠಾರವೆಲ್ಲ ನೆರೆದದ್ದೇ ತಡ, ಗಿಣಿ ಪಂಜರದ ಮೂಲೆ ಸೇರಿ ನಡುಗತೊಡಗಿತು.

"ಬೆಕ್ಕಿನ ವಾಸ್ನೆ ಬಡ್ದದೆ ಅಯ್ನೋರೆ. ಇವತ್ತು ಈಚೆಗೆ ಬರಾಕಿಲ್ಲ," ಎಂದ ಮರಿಯಪ್ಪ.

ಚಕ್ರಪಾಣಿಯ ಕೆಲಸ ಔಷಧಿ ಕಂಪನಿಯ ಇಲಿಕೋಣೆಯಲ್ಲಿ. ಗಂಟೆ ಬಾರಿಸಿದರೆ ಕರೆಂಟು ಹೊಡೆಯುತ್ತದೆಂದು ಕಂಬ ಹತ್ತುತ್ತಿದ್ದ ಇಲಿಗಳು, ಹೊಸದಾಗಿ ಬಂದ ಶಾಂತಿಮಾತ್ರೆ ತಿಂದಮೇಲೆ ಕೂತಲ್ಲಿಂದ ಕದಲುತ್ತಿರಲಿಲ್ಲ. ಹೆದರಿತೋ ಇಲ್ಲವೋ ಎಂದು ಬರೆಯುವುದಷ್ಟೇ ಅವನ ಪಾಲಿನದು. ಆಮೇಲೆ ಅವು ಇಟ್ಟ ತಿಂಡಿ ಮೂಸುತ್ತವೆಯೋ ಇಲ್ಲವೋ ಎಂಬುದನ್ನು ಬರೆಯುವವನು ಪಕ್ಕದ ಮೇಜಿನ ಗೋಪೀನಾಥ. ಅವನನ್ನು ಇವನು ಒಂದು ದಿನವೂ ಕೇಳಿದವನಲ್ಲ.

"ಪೂಜೆ ಮುಗಿಸಿ ಬರ್ತೀನಿ, ಇರಿ," ಎಂದು ಅನಂತಲಕ್ಷ್ಮಮ್ಮ ಒಳಗೆ ಹೋದಾಗ ಚಕ್ರಪಾಣಿ ಕಂಪನಿಯಿಂದ ತಂದಿಟ್ಟುಕೊಂಡಿದ್ದ ಆ ಮಾತ್ರೆಯ ಉಗುರಿನ ತುದಿಯಷ್ಟು ಚೂರನ್ನು ಬಾಳೆಹಣ್ಣಿನಲ್ಲಿ ಅಡಗಿಸಿ, ಯಾರಿಗೂ ಕಾಣದಂತೆ ಗಿಣಿಗೆ ತಿನ್ನಿಸಿದ.

ಅರ್ಧ ಗಂಟೆಯಲ್ಲಿ, ಅನಂತಲಕ್ಷ್ಮಮ್ಮ ಪೂಜೆ ಮುಗಿಸಿ ಬರುವ ಹೊತ್ತಿಗೆ, ಗಿಣಿ ಹಬ್ಬದೂಟ ಮುಗಿಸಿದ ಬೀಗರ ಹಾಗೆ ನಿಧಾನವಾಗಿ ಹೊರಗೆ ಬಂತು. ಗೋಡೆಯಿಂದ ಬೆಕ್ಕು ಧುಮುಕಿತು. ಹೆಂಗಸರು ಕಿರುಚಿದರು. ಗಿಣಿ ಕತ್ತೆತ್ತಿ ಬೆಕ್ಕನ್ನೊಮ್ಮೆ ನೋಡಿ ಮುಂದೆ ನಡೆಯಿತು. ಬೆಕ್ಕಿಗೇ ಅವಮಾನವಾಗಿ ಹೊರಟುಹೋಯಿತು. ಚಕ್ರಪಾಣಿಯ ಎದೆ ಹಿಗ್ಗಿತು.

ಆದರೆ ಗಿಣಿ ಸೀತಾಕಲ್ಯಾಣದ ಚೀಟಿಯನ್ನು ತುಳಿದುಕೊಂಡೇ ಹೋಯಿತು. ಮರಿಯಪ್ಪ ಒಂದು ಬೀಜ ತೋರಿಸಿದ, ಐದು ತೋರಿಸಿದ, ಕೊನೆಗೆ ಚೀಲವನ್ನೇ ಸುರಿದ. ಗಿಣಿ ಅತ್ತ ತಿರುಗಲಿಲ್ಲ.

"ತಗೊಳೋ, ನಿನ್ನ ದಮ್ಮಯ್ಯ!" ಎಂದು ಚಕ್ರಪಾಣಿ ನೆಲಕ್ಕೆ ಕುಸಿದು ಗೋಗರೆದ. ಗಿಣಿ ಅವನ ತೊಡೆಯೇರಿ ಕಣ್ಣು ಮುಚ್ಚಿತು.

ಅನಂತಲಕ್ಷ್ಮಮ್ಮ ಕೈ ಜೋಡಿಸಿದರು. "ಬೆಕ್ಕಿಗೆ ಹೆದರ್ಲಿಲ್ಲ, ಬೀಜಕ್ಕೆ ಬಾಯಿ ಬಿಡ್ಲಿಲ್ಲ. ಭಯ, ಆಸೆ ಎರಡೂ ಬಿಟ್ಟು ಯಾರ ಹತ್ರ ಬಂತು ನೋಡ್ರೇ!"

ಚಕ್ರಪಾಣಿಗೆ ಹೋದ ಜೀವ ಬಂತು. "ಹಾಗಾದ್ರೆ ಮದುವೆ...?"

"ರಾಮ ರಾಮ! ನಿಮ್ಮಂಥ ವಿರಕ್ತರನ್ನ ಸಂಸಾರಕ್ಕೆ ಎಳೆದು ನಾನ್ಯಾಕೆ ಪಾಪ ಕಟ್ಕೊಳ್ಳಲಿ?"

ಮಾತ್ರೆಯ ವಿಷಯ ಬಾಯಿಬಿಟ್ಟರೆ ಹೆಣ್ಣೂ ಇಲ್ಲ, ಕೆಲಸವೂ ಇಲ್ಲ. ಚಕ್ರಪಾಣಿ ಸುಮ್ಮನಾದ. ಆ ಮೌನಕ್ಕೂ ವಠಾರ ಕೈ ಮುಗಿಯಿತು.

ಪಂಕಜಾ ಸೆರಗು ಹೊದ್ದು ಬಂದು ಅವನ ಕಾಲಿಗೆರಗಿದಳು.

"ಬೇಗ ಒಳ್ಳೇ ಗಂಡ ಸಿಗ್ಲಿ ಅಂತ ಆಶೀರ್ವಾದ ಮಾಡಿ."