ಪೆಟೀಟ್ ಅಳತೆಯ ಗೌನು

“ಈ ಪೆಟೀಟ್ ಅಂದ್ರೆ ಎಂತ ಮಾರಾಯ?”

ಕುದ್ರೋಳಿಯ ದರ್ಜಿ ಲೋಕಯ್ಯ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಹೊಲಿಗೆ ಮೆಷಿನು ಮಾತ್ರ. ಅದರ ಮೇಲೆ ಹಂಚಿನ ಕಾರ್ಖಾನೆಯ ದೊರೆಸಾನಿ ಕಳಿಸಿದ ನೀಲಿ ರೇಷ್ಮೆ ಮೈಚೆಲ್ಲಿ ಮಲಗಿತ್ತು. ದೊರೆಸಾನಿಯ ತಂಗಿ ನಾಳೆ ಮಧ್ಯಾಹ್ನದ ಸ್ಟೀಮರಿನಲ್ಲಿ ಬರುತ್ತಾಳೆ, ಬರುವಾಗ ಗೌನು ಸಿದ್ಧವಿರಬೇಕು. ಅಳತೆ ಕೇಳಿದ್ದಕ್ಕೆ ಬಂಗ್ಲೆಯ ಬಟ್ಲರ್ ಇದಿನಬ್ಬ, “ಪೆಟೀಟ್ ಅಂದ್ರು, ಅಷ್ಟೇ. ಸರಿಯಾದ್ರೆ ಬಂಗ್ಲೆಯ ಹೊಲಿಗೆ ಎಲ್ಲ ನಿಮಗೆ. ಕೆಟ್ರೆ ಹಂಪನಕಟ್ಟೆಯ ದರ್ಜಿಗೆ” ಎಂದು ಹೋಗಿಬಿಟ್ಟಿದ್ದ.

ಹೊಸ್ತಿಲಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದ ಹೆಂಡತಿ ದೇಯಿ ತಲೆಯೆತ್ತಿದಳು. “ಗೊತ್ತಾಗದಿದ್ರೆ ನನ್ನ ಅಳತೆಗೆ ಕತ್ತರಿಸಿ. ಹೆಂಗಸು ಹೆಂಗಸೇ ಅಲ್ವಾ?”

“ನಿನ್ನ ಅಳತೆಗಾ? ಈ ಬಟ್ಟೆ ಎಲ್ಲಿಗೆ ಸಾಕು! ಬಂದರಿಗೆ ಹೋಗಿ ಹಡಗಿನ ಹಾಯಿ ಬಿಚ್ಚಿ ತರಬೇಕು.”

ಎದುರಿನ ಚಾ ಅಂಗಡಿಯ ಹಾಶಿಂ ಬಿದ್ದು ಬಿದ್ದು ನಕ್ಕ. ದೇಯಿ ಹರಿವೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹಾಶಿಂ ರಂಗೂನು ಕಂಡವನು, ಸುಮ್ಮನಿರುತ್ತಾನೆಯೇ? “ಪೆಟ್ಟಿ ಅಂದ್ರೆ ಸಣ್ಣದು, ಲೋಕಣ್ಣ. ಪೆಟ್ಟಿ ಕೇಸು, ಪೆಟ್ಟಿ ಅಂಗಡಿ. ಇದು ಮಗು! ಮೊಣಕಾಲಿನವರೆಗೆ ಒಂದು ಫ್ರಾಕು ಹೊಲಿ.”

“ಮಗು ಒಬ್ಬಂಟಿ ಸ್ಟೀಮರಿನಲ್ಲಿ ಬರ್ತದಾ ಮಾರಾಯ?”

“ಅದು ಪೆಟಿಕೋಟಿನ ಅರ್ಧ,” ಬಾವಿಕಟ್ಟೆಯಿಂದ ನೆರೆಮನೆಯ ಕುಶಲಾ ಕೂಗಿದಳು. “ದೊರೆಗಳಿಗೆ ಪೂರ್ತಿ ಹೇಳ್ಲಿಕ್ಕೆ ಪುರುಸೊತ್ತು ಎಲ್ಲುಂಟು?”

ಲೋಕಯ್ಯನ ತಲೆ ನೂಲಿನ ಸಿಕ್ಕಾಯಿತು. ಕೊಡೆ ಊರುತ್ತ ಬಂದ ನಿತ್ಯಾನಂದ ಮಾಸ್ಟ್ರು ಮೂಗು ಮುರಿದರು. “ಛೆ, ಅದು ಫ್ರೆಂಚ್ ಮಾತು. ನಾಜೂಕಿನ ಹೆಂಗಸು ಅಂತ. ಬಳ್ಳಿಯ ಹಾಗೆ.”

ಬಳ್ಳಿ ಎಂದದ್ದೇ ಲೋಕಯ್ಯನಿಗೆ ಬೆಳಕಾಯಿತು. ತಾಳಮದ್ದಳೆ ಎಲ್ಲಿದ್ದರೂ ಹೋಗಿ ಕುಳಿತು ಕೈಮುಗಿದು ಕೇಳುವವನು ಅವನು. ಅಲ್ಲಿನ ಯಕ್ಷಗಾನದ ಪದ್ಯಗಳ ನಾಯಕಿಗೆ ನಡು ಎಂಬುದು ಉಂಟೋ ಇಲ್ಲವೋ ಎಂದು ಹಾಡುವ ಭಾಗವತರಿಗೇ ಸಂಶಯ. ಗಣಪತಿಯನ್ನು ನೆನೆದು ಕತ್ತರಿ ಹಾಕಿದ. ನಡು ಒಂದು ಮುಷ್ಟಿ. ಬಳ್ಳಿಯೆಂದ ಮೇಲೆ ಉದ್ದ ಬೇಡವೇ, ಅದು ಧಾರಾಳ.

ಗೌನು ಹೊತ್ತಿಗೆ ಸರಿಯಾಗಿ ಬಂಗ್ಲೆ ಸೇರಿತು. ಮರುದಿನ ಸಂಜೆ ಅಂಗಡಿಯೆದುರು ಜಟಕಾ ನಿಂತಿತು. ಇಳಿದ ದೊರೆಸಾನಿಯ ಮುಖ ಆಗಷ್ಟೆ ಆವಿಗೆಯಿಂದ ತೆಗೆದ ಹಂಚಿನಂತಿತ್ತು. ಕೈಯಲ್ಲಿ ಕಂಕುಳಿನಿಂದ ಸೊಂಟದವರೆಗೆ ಹರಿದ ಗೌನು. ಹಿಂದೆ ಇದಿನಬ್ಬ, ಅವನ ಕೈಯಲ್ಲಿ ಬೇರೊಂದು ರೇಷ್ಮೆ.

“ಎಂತ ಮಾಡಿದಿರಿ ಲೋಕಯ್ಯ?” ಎಂದ ಇದಿನಬ್ಬ. “ಹಲಸಿನ ಹಣ್ಣನ್ನು ಬಳೆಯೊಳಗೆ ತುರುಕಿದ ಹಾಗಾಯ್ತು! ಮೇಲೆ ಹರಿಯಿತು, ಕೆಳಗೆ ಕಾಲಿಗೆ ಸಿಕ್ಕಿ ತಂಗಿಯಮ್ಮ ಎಡವಿ ಬಿದ್ರು. ಈಗ ಬಾಗಿಲು ಹಾಕಿ ಅಳ್ತಾ ಇದ್ದಾರೆ. ಟೇಪು ಹಿಡಿದವರು ಯಾರೂ ಹತ್ತಿರ ಬರಬಾರದಂತೆ.”

“ಪೆಟೀಟ್ ಅಂದದ್ದು ನೀವೇ ಅಲ್ವಾ!”

“ಪೆಟೀಟ್ ಅಂದ್ರೆ ಗಿಡ್ಡ, ಈಗ ದೊರೆಸಾನಿ ಬಿಡಿಸಿ ಹೇಳಿದ್ರು. ಸಪೂರ ಅಂತ ನಿಮಗೆ ಹೇಳಿದ್ದು ಯಾರು? ಗಿಡ್ಡ ಇದ್ದವರು ದಪ್ಪ ಇರಬಾರದಾ?”

ಅಷ್ಟರಲ್ಲಿ ಸಂಜೆಯ ದೀಪ ಹಿಡಿದು ದೇಯಿ ಹೊರಗೆ ಬಂದಳು. ದೊರೆಸಾನಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅದು ಬೇಗ ಮುಗಿಯಿತು. ಎಡದಿಂದ ಬಲಕ್ಕೆ ನೋಡಲು ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಚಪ್ಪಾಳೆ ತಟ್ಟಿ, “ಪೆಟೀಟ್! ಪೆಟೀಟ್!” ಎಂದು ಕೂಗಿದಳು.

“ತಂಗಿಯ ಉದ್ದ, ಸುತ್ತು, ಎಲ್ಲ ಇದೇ ಅಂತೆ,” ಎಂದ ಇದಿನಬ್ಬ. “ಇವರ ಅಳತೆಗೆ ಹೊಲಿದು ಬೆಳಿಗ್ಗೆ ಕೊಡಬೇಕು. ಇಲ್ಲದಿದ್ರೆ ಹಂಪನಕಟ್ಟೆ.”

ಲೋಕಯ್ಯ ಟೇಪು ಹಿಡಿದು ಹೆಂಡತಿಯೆದುರು ಬಾಗಿದ. “ದೇಯಿ, ನನ್ನ ಬಂಗಾರ, ಒಂದು ಗಳಿಗೆ ಇಲ್ಲಿ ನಿಂತ್ಕೋ.”

ದೇಯಿ ದೀಪವನ್ನು ಮೆಷಿನಿನ ಮೇಲಿಟ್ಟಳು.

“ಬಂದರಿಗೆ ಹೋಗಿ ಹಾಯಿ ಅಳೆಯಿರಿ. ನಾನು ನಿಲ್ಲುದಿಲ್ಲ.”